ಹೆಚ್ಚು ಆರ್‌ಪಿಎಂ ಎಂಜಿನ್‌ಗೆ ಕನೆಕ್ಟಿಂಗ್ ರಾಡ್ ಕೂರಿಸುವುದು: ಆಯ್ಕೆ, ಅಳತೆ, ಬಿಗಿತ ಮತ್ತು ಮುರಿತದ ಲಕ್ಷಣಗಳು

ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಟವರಲ್ಲಿ ಬಹಳಷ್ಟು ಮಂದಿ ಒಂದೇ ಜಾಗದಲ್ಲಿ ಸೋಲುತ್ತಿದ್ದಾರೆ. ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬದಲಿಗೆ ದುಬಾರಿ ಫೋರ್ಜ್ಡ್ (ಬಡಿದು ಮಾಡಿದ) ರಾಡ್ ತರಿಸುತ್ತಾರೆ, ಇಲ್ಲವೇ ಹಳೆಯ ರಾಡಿಗೇ ಗಟ್ಟಿ ಬೋಲ್ಟ್ ಹಾಕಿಸುತ್ತಾರೆ. ಟಾರ್ಕ್ ರೆಂಚ್ ಕ್ಲಿಕ್ ಎಂದೊಡನೆ ಕೆಲಸ ಮುಗಿಯಿತೆಂದು ಸಂಪ್ (ಎಂಜಿನ್ನಿನ ಕೆಳಗಿನ ಎಣ್ಣೆಯ ತಟ್ಟೆ) ಮುಚ್ಚುತ್ತಾರೆ. ಕೆಲವೇ ನೂರು ಕಿಲೋಮೀಟರ್‌ಗಳಲ್ಲಿ ಕೆಳಗಿನಿಂದ ಬಡಿತ ಶುರುವಾಗುತ್ತದೆ, ಆಮೇಲೆ ಬ್ಲಾಕಿನ ಪಕ್ಕದಲ್ಲಿ ತೂತು ಬೀಳುತ್ತದೆ. ರಾಡಿನ ದಂಡ ತನ್ನಷ್ಟಕ್ಕೇ ಮುರಿಯುವುದು ಕಡಿಮೆ. ಮೊದಲು ಕೈಕೊಡುವುದು ಬೋಲ್ಟಿನ ಬಿಗಿತ ಅಥವಾ ಬೇರಿಂಗ್; ಆ ಎರಡೂ ಕೆಡುವುದು ಬಹುತೇಕ ಜೋಡಣೆಯ ಮೇಜಿನ ಮೇಲೆ, ಅಳತೆಯ ಕ್ರಮ ತಪ್ಪಿದಾಗ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಬೇಕು. ಅದರಲ್ಲೂ ಬೋಲ್ಟ್, ಬಿಗ್ ಎಂಡ್ ಬೋರ್ (ಕ್ರ್ಯಾಂಕಿಗೆ ಕೂರುವ ದೊಡ್ಡ ತುದಿಯ ರಂಧ್ರ) ಮತ್ತು ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗಿಗೂ ಕ್ರ್ಯಾಂಕಿಗೂ ನಡುವಿನ ಸಂದು) ಈ ಮೂರನ್ನು ಹಿಂದುಮುಂದು ಮಾಡುವಂತಿಲ್ಲ.

ಉದಾಹರಣೆಗೆ ಮಾರುತಿ ಜಿಪ್ಸಿ ಮತ್ತು ಎಸ್ಟೀಮ್ ಕಾರುಗಳ 1298 ಸಿಸಿ ಎಂಜಿನ್ನನ್ನು ತೆಗೆದುಕೊಂಡಿದ್ದೇನೆ. ನಮ್ಮ ರ‍್ಯಾಲಿಗಳಲ್ಲಿ ಬಹಳ ಕಾಲ ದುಡಿದ ಈ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ. ಬೇರೆ ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೂ ಕ್ರಮ ಇದೇ. ಅಂಕಿಗಳನ್ನು ಮಾತ್ರ ಆಯಾ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್‌ನಿಂದ ಮತ್ತು ರಾಡ್ ತಯಾರಕರ ಹಾಳೆಯಿಂದ ತೆಗೆದುಕೊಳ್ಳಬೇಕು.

## ಬೇಕಾಗುವ ಉಪಕರಣಗಳು

ಹೊರ ಅಳತೆಯ ಮೈಕ್ರೋಮೀಟರ್, 0.002 ಮಿ.ಮೀ. ತನಕ ಓದಬಲ್ಲ ಡಯಲ್ ಬೋರ್ ಗೇಜ್, ಬೋಲ್ಟಿನ ಹಿಗ್ಗುವಿಕೆಯನ್ನು ಅಳೆಯುವ ಸ್ಟ್ರೆಚ್ ಗೇಜ್, ಇತ್ತೀಚೆಗೆ ಕ್ಯಾಲಿಬ್ರೇಟ್ ಮಾಡಿಸಿದ ಟಾರ್ಕ್ ರೆಂಚ್, ಕೋನ ತೋರಿಸುವ ಆ್ಯಂಗಲ್ ಗೇಜ್, ಫೀಲರ್ ಗೇಜ್, ಒಂದು ಗ್ರಾಮ್‌ಗಿಂತ ಸೂಕ್ಷ್ಮವಾದ ತಕ್ಕಡಿ, ಮೆದು ದವಡೆಯ ವೈಸ್ ಮತ್ತು ಬೋಲ್ಟ್ ತಯಾರಕರು ಹೇಳಿದ ಲೂಬ್ರಿಕೆಂಟ್ ಬೇಕು. ಬಾಗು ನೋಡುವ ಜಿಗ್, ಬಿರುಕು ತೋರಿಸುವ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ ಮತ್ತು ಬೋರನ್ನು ನಯವಾಗಿ ಉಜ್ಜಿ ಅಳತೆಗೆ ತರುವ ಬಿಗ್ ಎಂಡ್ ಹೋನಿಂಗ್ ಯಂತ್ರ ಮನೆಯಲ್ಲಿ ಇರುವಂಥವಲ್ಲ. ಈ ಮೂರಕ್ಕೂ ಒಳ್ಳೆಯ ಎಂಜಿನ್ ರೀಬೋರಿಂಗ್ ಅಂಗಡಿಗೆ ಹೋಗಬೇಕು. ಬಿಗಿದಾಗ ಚಪ್ಪಟೆಯಾಗಿ ಸಂದನ್ನು ತೋರಿಸುವ ಪ್ಲಾಸ್ಟಿಗೇಜ್ ಎಳೆಯನ್ನು ಕೊನೆಯ ಖಾತರಿಗೆ ಬಳಸಬಹುದು. ಬೋರ್ ಅಂಡಾಕಾರವಾಗಿದೆಯೇ, ಒಂದು ಕಡೆಗೆ ಕಿರಿದಾಗುತ್ತಿದೆಯೇ ಎಂಬುದನ್ನು ಅದು ಹೇಳದ ಕಾರಣ ಮೈಕ್ರೋಮೀಟರ್ ಮತ್ತು ಬೋರ್ ಗೇಜಿಗೆ ಅದು ಬದಲಿಯಾಗದು.

## ಹಂತ 1: ರಾಡ್ ಮೇಲೆ ಬೀಳುವ ಹೊರೆ ಯಾವುದೆಂದು ಮೊದಲು ತಿಳಿಯಿರಿ

ರಾಡ್ ಎರಡು ಬಗೆಯ ಹೊರೆ ಹೊರುತ್ತದೆ. ದಹನದ ಒತ್ತಡ ಅದನ್ನು ಮೇಲಿನಿಂದ ಅದುಮುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದು ದಿಕ್ಕು ಬದಲಿಸುವಾಗ, ಅದನ್ನು ಹಿಡಿದು ನಿಲ್ಲಿಸಲು ಮೇಲಿನಿಂದ ಅನಿಲದ ಒತ್ತಡ ಇರುವುದಿಲ್ಲ. ಪಿಸ್ಟನ್, ಪಿನ್ ಮತ್ತು ರಿಂಗುಗಳ ಪೂರ್ತಿ ಜಡತ್ವವನ್ನು ರಾಡ್ ಒಂದೇ ಎಳೆದು ತಡೆಯಬೇಕಾಗುತ್ತದೆ. ಬೋಲ್ಟುಗಳನ್ನು ಕೊಲ್ಲುವುದು ಈ ಎಳೆತ.

ಎಳೆತದ ಲೆಕ್ಕ ಸುಲಭ. ಮೇಲೆ ಕೆಳಗೆ ಆಡುವ ತೂಕವನ್ನು ಸ್ಟ್ರೋಕಿನ ಅರ್ಧದಿಂದಲೂ ಕೋನೀಯ ವೇಗದ ವರ್ಗದಿಂದಲೂ ಗುಣಿಸಿ, ಬಂದ ಮೊತ್ತವನ್ನು 1 ಕೂಡಿಸು ಅರ್ಧ ಸ್ಟ್ರೋಕ್ ಭಾಗಿಸು ರಾಡಿನ ಉದ್ದ ಎಂಬ ಸಂಖ್ಯೆಯಿಂದ ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ ಆಡುವ ತೂಕ 400 ಗ್ರಾಂ, ರಾಡಿನ ಉದ್ದ ಕೇಂದ್ರದಿಂದ ಕೇಂದ್ರಕ್ಕೆ 120 ಮಿ.ಮೀ. ಎಂದಿಟ್ಟುಕೊಂಡರೆ 6500 ಆರ್‌ಪಿಎಂನಲ್ಲಿ ಎಳೆತ ಸುಮಾರು 9.2 ಕಿಲೋನ್ಯೂಟನ್. ಅದೇ ಎಂಜಿನ್ 8000 ತಿರುಗಿದರೆ ಸುಮಾರು 13.9 ಕಿಲೋನ್ಯೂಟನ್, ಅಂದರೆ 1400 ಕಿಲೋ ತೂಕಕ್ಕೆ ಸಮ. ವೇಗ ಶೇ. 23ರಷ್ಟು ಏರಿದರೆ ಹೊರೆ ಶೇ. 50ಕ್ಕೂ ಮಿಕ್ಕಿ ಏರುತ್ತದೆ. ಮೂರನೆಯ ಗೇರಿನ ಬದಲು ತಪ್ಪಿ ಕೆಳಗಿನ ಗೇರ್ ಬಿದ್ದು ಎಂಜಿನ್ 9500ಕ್ಕೆ ಹಾರಿದರೆ ಆ ಕ್ಷಣದ ಎಳೆತ 6500ರಲ್ಲಿದ್ದುದರ ಎರಡು ಪಟ್ಟು ದಾಟುತ್ತದೆ, ಮತ್ತು ರೆವ್ ಲಿಮಿಟರ್ ಅದನ್ನು ತಡೆಯಲಾರದು, ಏಕೆಂದರೆ ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು.

ಟರ್ಬೊ ಹಾಕಿ ವೇಗದ ಮಿತಿಯನ್ನು ಹಾಗೆಯೇ ಬಿಟ್ಟರೆ ಹೆಚ್ಚುವುದು ಅದುಮುವ ಹೊರೆ. ಆಗ ಬಲ ಬೇಕಾಗಿರುವುದು ದಂಡಕ್ಕೆ. ಟರ್ಬೊ ಇಲ್ಲದೆ ಕ್ಯಾಮ್ ಬದಲಿಸಿ ಆರ್‌ಪಿಎಂ ಏರಿಸಿದರೆ ಹೆಚ್ಚುವುದು ಎಳೆತ. ಆಗ ಹಣ ಹಾಕಬೇಕಾದದ್ದು ಬೋಲ್ಟಿಗೆ ಮತ್ತು ಹಗುರ ಪಿಸ್ಟನ್ನಿಗೆ. ಈ ವ್ಯತ್ಯಾಸ ನೋಡದೆ ಕೊಂಡ ರಾಡ್ ಎಷ್ಟೇ ದುಬಾರಿಯಾದರೂ ಸಮಸ್ಯೆ ಇದ್ದಲ್ಲೇ ಇರುತ್ತದೆ.

## ಹಂತ 2: ವಿನ್ಯಾಸ ಮತ್ತು ಲೋಹದ ಆಯ್ಕೆ

ಕಾರ್ಖಾನೆಯಿಂದ ಬರುವ ಈಚಿನ ರಾಡುಗಳಲ್ಲಿ ಹೆಚ್ಚಿನವು ಪುಡಿಲೋಹವನ್ನು ಬಡಿದು ಮಾಡಿದವು ಅಥವಾ ಹೆಚ್ಚು ಇಂಗಾಲದ ಉಕ್ಕಿನವು. ಬಿಗ್ ಎಂಡನ್ನು ಇಡಿಯಾಗಿ ಮಾಡಿ, ಆಮೇಲೆ ಸೀಳಿ ಕ್ಯಾಪನ್ನು (ಅದರ ಕೆಳಗಿನ ಅರ್ಧವನ್ನು) ಬೇರ್ಪಡಿಸಿರುತ್ತಾರೆ. ಸೀಳಿದ ಒರಟು ಮುಖಗಳು ಒಂದಕ್ಕೊಂದು ಮಾತ್ರ ಹೊಂದುತ್ತವೆ. ಆ ಮುಖವನ್ನು ಮೇಜಿನ ಮೇಲೆ ಬೋರಲು ಇಡಬಾರದು, ತಂತಿಬ್ರಷ್ ಹಾಕಬಾರದು, ಅದನ್ನು ಉಜ್ಜಿ ಬೋರ್ ಸರಿಪಡಿಸಲು ಯಾರಾದರೂ ಹೊರಟರೆ ಒಪ್ಪಬಾರದು.

ಸ್ಪರ್ಧೆಗಾಗಿ ಮಾರುವ ಉಕ್ಕಿನ ರಾಡುಗಳು ಹೆಚ್ಚಾಗಿ 4340 ಮಿಶ್ರಲೋಹದವು. ನಮ್ಮ ಲೇತ್ ಅಂಗಡಿಗಳಲ್ಲಿ ಇಎನ್24 ಎಂದು ಕರೆಯುವುದು ಇದರ ಹತ್ತಿರದ ಬಂಧು. ಎರಡೂ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಉಕ್ಕು. ಐ ಆಕಾರದ ದಂಡ ಒಳ್ಳೆಯದೋ ಎಚ್ ಆಕಾರದ್ದೋ ಎಂಬ ವಾದದಲ್ಲಿ ಬಹಳ ಸಮಯ ಹಾಳಾಗುತ್ತಿದೆ. ಲೋಹದ ಗುಣಮಟ್ಟ, ಹದಮಾಡಿದ ರೀತಿ, ಬೋಲ್ಟಿನ ದರ್ಜೆ, ಬಿಗ್ ಎಂಡ್ ಬೋರಿನ ನಿಖರತೆ ಇವುಗಳ ಮುಂದೆ ದಂಡದ ಆಕಾರ ಎರಡನೆಯ ಮಾತು ಎಂಬುದೇ ನನ್ನ ತೀರ್ಮಾನ. ಗೊತ್ತಿಲ್ಲದ ಮೂಲದ ಅಗ್ಗದ ಎಚ್ ರಾಡಿಗಿಂತ ಪರೀಕ್ಷಿಸಿ ಹೊಸ ಬೋಲ್ಟ್ ಹಾಕಿ ಹೋನ್ ಮಾಡಿಸಿದ ಕಾರ್ಖಾನೆಯ ರಾಡ್ ಹೆಚ್ಚು ನಂಬಿಕೆಗೆ ಅರ್ಹ.

ಟೈಟೇನಿಯಂ ರಾಡ್ ಉಕ್ಕಿನ ತೂಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ ತೂಗುತ್ತದೆ. 1990ರ ಹೋಂಡಾ ಎನ್‌ಎಸ್‌ಎಕ್ಸ್ ಇದನ್ನು ರಸ್ತೆಯ ಕಾರಿನಲ್ಲಿ ಬಳಸಿತು. ಆದರೆ ಟೈಟೇನಿಯಂ ಗೀರುಗಳನ್ನು ಸಹಿಸದು, ಮತ್ತು ಲೇಪನವಿಲ್ಲದ ಅದರ ಪಕ್ಕಗಳು ಕ್ರ್ಯಾಂಕಿಗೆ ಉಜ್ಜಿದರೆ ಕಚ್ಚಿಕೊಳ್ಳುತ್ತವೆ. ಅಲ್ಯೂಮಿನಿಯಂ ರಾಡ್ ಡ್ರ್ಯಾಗ್ ರೇಸಿನದು. ಬಿಸಿಗೆ ಅದು ಉಕ್ಕಿನ ಎರಡರಷ್ಟು ಹಿಗ್ಗುವುದರಿಂದ ಪಿಸ್ಟನ್ ಮತ್ತು ಹೆಡ್ ನಡುವೆ ಹೆಚ್ಚು ಜಾಗ ಬಿಡಬೇಕು, ದಣಿವಿನ ಆಯುಷ್ಯವೂ ಕಡಿಮೆ. ದಿನವೂ ಓಡಿಸುವ ವಾಹನಕ್ಕೆ ಅದು ಬೇಡ.

## ಹಂತ 3: ಬಿಚ್ಚುವಾಗಲೇ ಓದಿಕೊಳ್ಳಿ

ಬಿಚ್ಚುವ ಮೊದಲು ಪ್ರತಿ ಪಿಸ್ಟನ್ನನ್ನು ಮೇಲ್ತುದಿಗೆ ತಂದು ಬ್ಲಾಕಿನ ಮುಖದಿಂದ ಅದು ಎಷ್ಟು ಕೆಳಗಿದೆ ಎಂದು ಡಯಲ್ ಗೇಜಿನಲ್ಲಿ ಅಳೆಯಿರಿ. ಒಂದು ಸಿಲಿಂಡರ್ ಮಾತ್ರ ಉಳಿದವುಗಳಿಗಿಂತ ಕೆಳಗಿದ್ದರೆ ಆ ರಾಡ್ ಬಾಗಿರುವ ಸಾಧ್ಯತೆ ಬಹಳ. ಮಳೆಗಾಲದಲ್ಲಿ ತುಂಬಿದ ಅಂಡರ್‌ಪಾಸ್ ಅಥವಾ ಹಳ್ಳ ದಾಟುವಾಗ ನೀರು ಕುಡಿದ ಎಂಜಿನ್ನಿನಲ್ಲಿ ಇದನ್ನು ಮರೆಯಲೇಬಾರದು. ನೀರು ಅದುಮಿಕೊಳ್ಳದ ಕಾರಣ ರಾಡ್ ಬಾಗುತ್ತದೆ. ನೀರು ತೆಗೆದ ಮೇಲೆ ಎಂಜಿನ್ ಸ್ಟಾರ್ಟ್ ಆಗುತ್ತದೆ, ಸರಿಯಾಗಿಯೇ ಓಡುವಂತೆ ತೋರುತ್ತದೆ, ಮುರಿಯುವುದು ಎಷ್ಟೋ ದಿನಗಳ ನಂತರ.

ರಾಡಿಗೂ ಕ್ಯಾಪಿಗೂ ಸಿಲಿಂಡರ್ ಸಂಖ್ಯೆಯನ್ನು ಶಾಶ್ವತ ಮಾರ್ಕರಿನಲ್ಲಿ ಬರೆಯಿರಿ. ಪಂಚಿನಿಂದ ಗುದ್ದಿ ಗುರುತು ಹಾಕುವ ಹಳೆಯ ರೂಢಿಯನ್ನು ಇಲ್ಲಿ ಬಿಡಬೇಕು; ದಂಡದ ಮೇಲಿನ ಒಂದು ಪಂಚ್ ಗುಳಿ ಬಿರುಕಿಗೆ ಬಾಗಿಲು ತೆರೆಯುತ್ತದೆ. ಬೇರಿಂಗ್ ಶೆಲ್‌ಗಳನ್ನು (ಬೇರಿಂಗಿನ ಎರಡು ಅರೆಸುತ್ತು ಚಿಪ್ಪುಗಳನ್ನು) ಎಸೆಯಬೇಡಿ, ಸಾಲಾಗಿ ಜೋಡಿಸಿಡಿ. ಮೇಲಿನ ಶೆಲ್ ಮಾತ್ರ ಸವೆದಿದ್ದರೆ ದಹನದ ಒತ್ತಡ ಅಥವಾ ನಾಕಿಂಗ್ (ಇಂಧನ ಹದ ತಪ್ಪಿ ಸಿಡಿಯುವುದು) ಹೆಚ್ಚಾಗಿದೆ. ಕೆಳಗಿನ ಶೆಲ್ ಸವೆದಿದ್ದರೆ ಅತಿವೇಗ. ಎರಡು ಶೆಲ್‌ಗಳ ಎದುರುಬದುರು ಅಂಚುಗಳು ಓರೆಯಾಗಿ ಸವೆದಿದ್ದರೆ ರಾಡ್ ಬಾಗಿದೆ. ಪಿಸ್ಟನ್ ಸ್ಕರ್ಟಿನ ಮೇಲೆ ಒಂದು ಬದಿಯಲ್ಲಿ ಮೇಲೂ ಇನ್ನೊಂದು ಬದಿಯಲ್ಲಿ ಕೆಳಗೂ ಉಜ್ಜಿದ ಗುರುತು ಇದ್ದರೆ ಅದೂ ಇದನ್ನೇ ಹೇಳುತ್ತದೆ.

## ಹಂತ 4: ಬಿರುಕು, ಬಾಗು, ತಿರುಚು

ಉಕ್ಕಿನ ರಾಡುಗಳನ್ನು ತೊಳೆದು ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಗೆ ಕೊಡಿ. ಟೈಟೇನಿಯಂ ಮತ್ತು ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಸ್ಪಂದಿಸದ ಕಾರಣ ಅವುಗಳಿಗೆ ಬಣ್ಣ ಇಳಿಸಿ ನೋಡುವ ಡೈ ಪೆನೆಟ್ರೆಂಟ್ ಪರೀಕ್ಷೆ. ವಿಶೇಷವಾಗಿ ಕಣ್ಣಿಡಬೇಕಾದ ಸ್ಥಳಗಳು ಮೂರು: ಸ್ಮಾಲ್ ಎಂಡಿನ (ಪಿಸ್ಟನ್ ಕಡೆಯ ಚಿಕ್ಕ ತುದಿಯ) ಸ್ವಲ್ಪ ಕೆಳಗೆ ದಂಡ ಕಿರಿದಾಗುವ ಜಾಗ, ಬೋಲ್ಟಿನ ತಲೆ ಕೂರುವ ಮೂಲೆ, ಮತ್ತು ಎಣ್ಣೆಯ ತೂತಿನ ಅಂಚು. ಬಿರುಕು ಎಷ್ಟೇ ಚಿಕ್ಕದಿದ್ದರೂ ಆ ರಾಡನ್ನು ಬಳಸುವಂತಿಲ್ಲ. ಬಾಗಿದ ರಾಡನ್ನು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಕೊಡುವ ಅಂಗಡಿಗಳಿವೆ. ಹೆಚ್ಚು ಆರ್‌ಪಿಎಂ ಎಂಜಿನ್‌ಗೆ ಅಂಥದ್ದನ್ನು ಹಾಕಬೇಡಿ.

ದಂಡವನ್ನು ಹೊಳಪು ಮಾಡಬೇಕೆಂದಿದ್ದರೆ ಉಜ್ಜುವಿಕೆ ಉದ್ದಕ್ಕೆ ಇರಬೇಕು, ಅಡ್ಡಕ್ಕಲ್ಲ. ಹೊಳಪು ಮಾಡಿದ ನಂತರ ಶಾಟ್ ಪೀನಿಂಗ್ ಮಾಡಿಸಬೇಕು, ಏಕೆಂದರೆ ಮೇಲ್ಮೈಯಲ್ಲಿ ಅದುಮಿದ ಪದರವೊಂದನ್ನು ಉಳಿಸಿ ಬಿರುಕು ಹುಟ್ಟದಂತೆ ತಡೆಯುವುದು ಅದೇ. ಪೀನಿಂಗ್ ಆದ ಮೇಲೆ ಮತ್ತೆ ಉಜ್ಜಿದರೆ ಆ ಪದರವೇ ಹೋಗುತ್ತದೆ.

## ಹಂತ 5: ಬೋಲ್ಟ್

ಈ ಹಂತಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ಸ್ಪ್ರಿಂಗಿನ ಹಾಗೆ ಹಿಗ್ಗಿಸಿ ಇಡುವುದು. ಹಿಗ್ಗಿದ ಬೋಲ್ಟ್ ಕ್ಯಾಪನ್ನು ರಾಡಿಗೆ ಒತ್ತಿ ಹಿಡಿಯುತ್ತದೆ. ಈ ಒತ್ತುವ ಬಲ ಎಂಜಿನ್ನಿನ ಎಳೆತಕ್ಕಿಂತ ಸಾಕಷ್ಟು ಹೆಚ್ಚಿರುವ ತನಕ ಸೇರಿದ ಮುಖಗಳು ಬಿಡುವುದಿಲ್ಲ, ಬೋಲ್ಟಿನೊಳಗಿನ ಎಳೆತ ಪ್ರತಿ ಸುತ್ತಿನಲ್ಲಿ ಏರಿಳಿಯುವುದೂ ಅತ್ಯಲ್ಪ. ಬಲ ಸಾಲದೆ ಹೋದರೆ ಮುಖಗಳು ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ತೆರೆದು ಮುಚ್ಚುತ್ತವೆ, ಪೂರ್ತಿ ಹೊರೆ ಬೋಲ್ಟಿನ ಮೇಲೆ ಬಂದು ಹೋಗುತ್ತದೆ, ಬೋಲ್ಟ್ ದಣಿದು ಮುರಿಯುತ್ತದೆ. ಹೀಗಾಗಿ ಸಡಿಲವಾಗಿ ಬಿಗಿದ ಉತ್ತಮ ಬೋಲ್ಟ್, ಸರಿಯಾಗಿ ಬಿಗಿದ ಸಾಧಾರಣ ಬೋಲ್ಟಿಗಿಂತ ಬೇಗ ಮುರಿಯಬಲ್ಲದು.

ನಮ್ಮ ಉದಾಹರಣೆಯಲ್ಲಿ 8000 ಆರ್‌ಪಿಎಂನ ಎಳೆತಕ್ಕೆ ಬಿಗ್ ಎಂಡಿನ ಮೇಲರ್ಧದ ತೂಕವನ್ನು 150 ಗ್ರಾಂ ಎಂದು ಸೇರಿಸಿದರೆ ಪ್ರತಿ ಬೋಲ್ಟಿಗೆ ಬರುವ ಪಾಲು ಸುಮಾರು 9 ಕಿಲೋನ್ಯೂಟನ್. 10.9 ದರ್ಜೆಯ ಎಂ8 ಬೋಲ್ಟನ್ನು ಅದರ ಪ್ರೂಫ್ ಹೊರೆಯ (ಶಾಶ್ವತವಾಗಿ ಹಿಗ್ಗದೆ ತಾಳಬಲ್ಲ ಹೊರೆಯ) ಮುಕ್ಕಾಲಿಗೆ ಎಳೆದರೆ ಅದು ಒತ್ತಿ ಹಿಡಿಯುವ ಬಲ ಸುಮಾರು 23 ಕಿಲೋನ್ಯೂಟನ್. ಲೆಕ್ಕದಲ್ಲಿ ಮಿಗತೆ ಧಾರಾಳವಾಗಿಯೇ ಕಾಣುತ್ತದೆ. ಆದರೆ ಎಳೆತಕ್ಕೆ ಕ್ಯಾಪ್ ಬಾಗಿ ಬೋಲ್ಟನ್ನು ಓರೆಯಾಗಿ ಮೀಟುತ್ತದೆ, ಮತ್ತು ಬಿಗಿಯುವಾಗ ಹಾಕಿದ ಟಾರ್ಕಿನಲ್ಲಿ ಶೇ. 90ರಷ್ಟು ತಲೆಯ ಕೆಳಗಿನ ಮತ್ತು ಮರೆಯ (ತಿರುಪಿನ ಸುತ್ತುಗೆರೆಯ) ಘರ್ಷಣೆಗೇ ಖರ್ಚಾಗುತ್ತದೆ. ಉಳಿದ ಶೇ. 10ರಷ್ಟು ಮಾತ್ರ ಬೋಲ್ಟನ್ನು ಹಿಗ್ಗಿಸುವುದು. ಒಣಗಿದ ಮರೆಯಿಂದಾಗಿ ಘರ್ಷಣೆ ಸ್ವಲ್ಪ ಏರಿದರೂ ರೆಂಚ್ ಅದೇ ಅಂಕಿಗೆ ಕ್ಲಿಕ್ ಎನ್ನುತ್ತದೆ, ಹಿಡಿತ ಮಾತ್ರ ಇಳಿದಿರುತ್ತದೆ.

ಹಾಗಾಗಿ ಎರಡೂ ತುದಿಗೆ ಗೇಜ್ ಸಿಗುವ ಬೋಲ್ಟಾದರೆ ಹಿಗ್ಗುವಿಕೆಯನ್ನೇ ಅಳೆಯಬೇಕು.

1. ಪ್ರತಿ ಬೋಲ್ಟಿನ ಮೂಲ ಉದ್ದವನ್ನು ಸ್ಟ್ರೆಚ್ ಗೇಜಿನಲ್ಲಿ ಅಳೆದು, ಯಾವ ರಾಡಿನ ಯಾವ ಬದಿಯದ್ದೆಂದು ಹಾಳೆಯಲ್ಲಿ ಬರೆದುಕೊಳ್ಳಿ. ಈ ಹಾಳೆ ಎಂಜಿನ್ ಇರುವಷ್ಟು ಕಾಲ ಬೇಕು.

2. ತಯಾರಕರು ಹೇಳಿದ ಲೂಬ್ರಿಕೆಂಟನ್ನೇ ಮರೆಗೂ ತಲೆಯ ಕೆಳಗೂ ಹಚ್ಚಿ. ಎಂಜಿನ್ ಆಯಿಲಿಗೆ ಕೊಟ್ಟ ಟಾರ್ಕ್ ಅಂಕಿ ಬೇರೆ, ಗ್ರೀಸಿಗೆ ಕೊಟ್ಟದ್ದು ಬೇರೆ.

3. ಹೊಸ ಬೋಲ್ಟನ್ನು ಕೆಲವು ಸಲ ಬಿಗಿದು ಸಡಿಲಿಸಿ. ಮೊದಲ ಸಲದ ಘರ್ಷಣೆ ಅತಿ ಹೆಚ್ಚು. ಮೇಲ್ಮೈ ನಯವಾದ ಮೇಲೆ ಓದು ಸ್ಥಿರವಾಗುತ್ತದೆ.

4. ಕೊನೆಯ ಬಿಗಿತದಲ್ಲಿ ಹೇಳಿದ ಹಿಗ್ಗುವಿಕೆ ಬರುವ ತನಕ ಎಳೆಯಿರಿ. ಸ್ಪರ್ಧೆಯ ರಾಡುಗಳ ಬೋಲ್ಟಿಗೆ ಇದು ಸಾಮಾನ್ಯವಾಗಿ 0.13ರಿಂದ 0.15 ಮಿ.ಮೀ. ಆಸುಪಾಸು, ಆದರೂ ಪೆಟ್ಟಿಗೆಯಲ್ಲಿ ಬಂದ ಹಾಳೆಯ ಅಂಕಿಯೇ ಅಂತಿಮ.

ಬಿಚ್ಚಿದಾಗ ಬೋಲ್ಟ್ ಮೂಲ ಉದ್ದಕ್ಕೆ ಮರಳಬೇಕು. 0.025 ಮಿ.ಮೀ.ನಷ್ಟು ಉದ್ದ ಉಳಿದಿದ್ದರೆ ಅದನ್ನು ತೆಗೆದುಹಾಕಿ. ತುದಿ ರಾಡಿನೊಳಗೆ ಮುಚ್ಚಿಹೋಗಿ ಗೇಜ್ ಹಾಕಲು ಆಗದಿದ್ದರೆ, ಟಾರ್ಕ್ ನಂತರ ಇಷ್ಟು ಡಿಗ್ರಿ ಎಂಬ ಕೋನದ ವಿಧಾನ ಅನುಸರಿಸಿ. ಹೀಗೆ ಕೋನಕ್ಕೆ ಬಿಗಿದು ಮಣಿಯುವ ಹಂತಕ್ಕೆ ಎಳೆಯುವ ಕಾರ್ಖಾನೆಯ ಬೋಲ್ಟುಗಳು ಒಂದೇ ಬಳಕೆಯವು.

ಅತಿ ಗಟ್ಟಿ ಬೋಲ್ಟ್ ಎಂದರೆ ಅತಿ ಒಳ್ಳೆಯದು ಎಂದೇನೂ ಇಲ್ಲ. ಎಆರ್‌ಪಿ ಕಂಪನಿಯ ಎಲ್19 ದರ್ಜೆಯದು ಬಹಳ ಬಲಶಾಲಿ, ಆದರೆ ತೇವಕ್ಕೆ ಅದು ಒಳಗಿನಿಂದ ಬಿರುಕು ಬಿಡಬಲ್ಲದು. ಬರಿಗೈಯ ಬೆವರೂ ಅದಕ್ಕೆ ಆಗದು. ನಮ್ಮ ಕರಾವಳಿಯ ಹವೆಯಲ್ಲಿ, ಆಗಾಗ ಬಿಚ್ಚದ ಎಂಜಿನ್ನಿಗೆ ಅದೇ ಕಂಪನಿಯ ಎಆರ್‌ಪಿ 2000 ದರ್ಜೆ ಹೆಚ್ಚು ಸೂಕ್ತ.

## ಹಂತ 6: ಬೋಲ್ಟ್ ಬದಲಾದರೆ ಬಿಗ್ ಎಂಡ್ ಹೋನಿಂಗ್

ಅತಿ ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು, ಕೆಲವೇ ದಿನಗಳಲ್ಲಿ ಬಡಿತ ಬರುವುದಕ್ಕೆ ಸಾಮಾನ್ಯ ಕಾರಣವೂ ಇದೇ. ಕಾರ್ಖಾನೆಯಲ್ಲಿ ಬಿಗ್ ಎಂಡನ್ನು ದುಂಡಗೆ ಮಾಡುವಾಗ ಮೂಲ ಬೋಲ್ಟ್ ಮೂಲ ಬಲದಲ್ಲಿ ಬಿಗಿದಿರುತ್ತದೆ. ಹೆಚ್ಚು ಬಲದ ಬೋಲ್ಟ್ ಹಾಕಿದೊಡನೆ ಕ್ಯಾಪ್ ಬೇರೆ ರೀತಿಯಲ್ಲಿ ಅದುಮಿಕೊಂಡು ಬೋರಿನ ದುಂಡು ಕೆಡುತ್ತದೆ. ಆದ್ದರಿಂದ ಕೊನೆಯಲ್ಲಿ ಬಳಸುವ ಅದೇ ಬೋಲ್ಟುಗಳನ್ನು ಅದೇ ಹಿಗ್ಗುವಿಕೆಗೆ ಬಿಗಿದು, ಶೆಲ್ ಇಲ್ಲದೆ, ಬೋರನ್ನು ಮೂರು ದಿಕ್ಕಿನಲ್ಲಿ ಮತ್ತು ಎರಡು ಆಳದಲ್ಲಿ ಅಳೆಯಿರಿ. ಮ್ಯಾನ್ಯುಯಲ್ಲಿನ ಮಿತಿ ಮೀರಿದ್ದರೆ ಹೋನಿಂಗ್ ಮಾಡಿಸಲೇಬೇಕು.

ಶೆಲ್ ಬೋರಿನೊಳಗೆ ನಿಲ್ಲುವುದು ಅದರ ಚಿಕ್ಕ ನಾಲಿಗೆಯಿಂದಲ್ಲ. ಶೆಲ್‌ನ ಅರೆಸುತ್ತು ಬೋರಿಗಿಂತ ತುಸು ಉದ್ದವಿದ್ದು, ಗಾಡಿಯ ಚಕ್ರವನ್ನು ಕಬ್ಬಿಣದ ಹಳಿ ಬಿಗಿಹಿಡಿಯುವಂತೆ ಬೋರ್ ಅದನ್ನು ಸುತ್ತಲೂ ಅದುಮಿ ಹಿಡಿಯುತ್ತದೆ. ಬೋರ್ ದೊಡ್ಡದಾದರೆ ಈ ಹಿಡಿತ ಹೋಗಿ ಶೆಲ್ ತಿರುಗುತ್ತದೆ, ಎಣ್ಣೆಯ ತೂತು ಮುಚ್ಚುತ್ತದೆ, ಮುಂದಿನದು ಕೆಲವೇ ಸೆಕೆಂಡುಗಳ ಮಾತು. ಶೆಲ್ ಸಡಿಲವೆಂದು ಅದರ ಹಿಂದೆ ಕಾಗದವನ್ನೋ ಸೀಲೆಂಟನ್ನೋ ಇಟ್ಟು ಕೂರಿಸುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

## ಹಂತ 7: ಬೇರಿಂಗ್ ಕ್ಲಿಯರೆನ್ಸ್

ಕ್ರ್ಯಾಂಕ್ ಪಿನ್ನನ್ನು (ಬಿಗ್ ಎಂಡ್ ಕೂರುವ ಕ್ರ್ಯಾಂಕಿನ ಭಾಗವನ್ನು) ಮೈಕ್ರೋಮೀಟರಿನಲ್ಲಿ ಅಳೆದು, ಆ ಅಳತೆಗೇ ಬೋರ್ ಗೇಜನ್ನು ಸೊನ್ನೆಗೆ ಹೊಂದಿಸಿ. ಶೆಲ್‌ಗಳನ್ನು ಕೂರಿಸಿ ಬೋಲ್ಟ್ ಪೂರ್ತಿ ಬಿಗಿದು, ರಾಡಿನ ಉದ್ದದ ದಿಕ್ಕಿನಲ್ಲಿ ಅಳೆಯಿರಿ. ಮುಖಗಳು ಸೇರುವ ಜಾಗದಲ್ಲಿ ಶೆಲ್ ಬೇಕೆಂದೇ ತೆಳುವಾಗಿರುವುದರಿಂದ ಅಲ್ಲಿ ಅಳೆದರೆ ತಪ್ಪು ಓದು ಬರುತ್ತದೆ. ಪಿನ್ನಿನ ವ್ಯಾಸದ ಪ್ರತಿ ಮಿಲಿಮೀಟರಿಗೆ ಒಂದು ಮೈಕ್ರಾನ್ ಎಂಬುದು ಹಳೆಯ, ನಂಬಬಹುದಾದ ಸೂತ್ರ: 42 ಮಿ.ಮೀ. ಪಿನ್ನಿಗೆ 0.042 ಮಿ.ಮೀ. ಹೆಚ್ಚು ಆರ್‌ಪಿಎಂಗೆ ಇದರ ಮೇಲೆ ಸುಮಾರು 0.010 ಮಿ.ಮೀ. ಸೇರಿಸುತ್ತಾರೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಎಣ್ಣೆಯ ಒತ್ತಡ ಇಳಿಯುತ್ತದೆ, ಕಡಿಮೆ ಬಿಟ್ಟರೆ ಬೇರಿಂಗ್ ಬಿಸಿಯೇರುತ್ತದೆ. ಕ್ಲಿಯರೆನ್ಸ್ ಬದಲಿಸಿದರೆ ಎಣ್ಣೆಯ ದರ್ಜೆಯನ್ನೂ ಅದಕ್ಕೆ ಹೊಂದಿಸಬೇಕು.

## ಹಂತ 8: ತೂಕ

ನಾಲ್ಕೂ ರಾಡುಗಳ ಒಟ್ಟು ತೂಕ ಸಮವಿದ್ದರೆ ಸಾಲದು. ಬಿಗ್ ಎಂಡ್ ಮತ್ತು ಸ್ಮಾಲ್ ಎಂಡ್ ತೂಕಗಳು ಬೇರೆಬೇರೆಯಾಗಿ ಸಮವಿರಬೇಕು. ಒಂದು ತುದಿಯನ್ನು ಬೇರಿಂಗಿನ ಮೇಲೆ ತೂಗುಹಾಕಿ, ದಂಡವನ್ನು ಮಟ್ಟವಾಗಿಟ್ಟು ಇನ್ನೊಂದನ್ನು ತೂಗಿ. ಒಂದು ಗ್ರಾಮ್ ಒಳಗೆ ಬಂದರೆ ಸಾಕು. ಲೋಹ ತೆಗೆಯುವುದು ತಯಾರಕರು ಬಿಟ್ಟ ದಪ್ಪನೆಯ ಗುಬ್ಬಿಯಿಂದ ಮಾತ್ರ.

## ಹಂತ 9: ಜೋಡಣೆ

ಬಿಗ್ ಎಂಡಿನ ಒಂದು ಬದಿಯಲ್ಲಿ ಅಂಚನ್ನು ಹೆಚ್ಚು ಇಳಿಜಾರಾಗಿ ಕತ್ತರಿಸಿದ್ದರೆ, ಆ ಬದಿ ಕ್ರ್ಯಾಂಕ್ ಪಿನ್ನಿನ ದುಂಡನೆಯ ಮೂಲೆಯ ಕಡೆಗೆ ಇರಬೇಕು. ತಿರುಗಿಸಿ ಹಾಕಿದರೆ ಬೇರಿಂಗಿನ ಅಂಚು ಆ ಮೂಲೆಗೆ ಏರಿ ಕೂರುತ್ತದೆ. ಶೆಲ್‌ನ ಹಿಂಬದಿ ಒಣಗಿರಲಿ, ಮುಂಬದಿಗೆ ಅಸೆಂಬ್ಲಿ ಲೂಬ್ ಹಚ್ಚಿ. ಪಿಸ್ಟನ್ ಇಳಿಸುವಾಗ ಬೋಲ್ಟ್ ರಾಡಿನಲ್ಲೇ ಇದ್ದರೆ ಅದಕ್ಕೆ ರಬ್ಬರ್ ಟ್ಯೂಬ್ ತೊಡಿಸಿ ಕ್ರ್ಯಾಂಕಿಗೆ ಗೀರು ಬೀಳದಂತೆ ನೋಡಿಕೊಳ್ಳಿ. ಪ್ರತಿ ರಾಡ್ ಬಿಗಿದ ಮೇಲೆ ಕ್ರ್ಯಾಂಕನ್ನು ಕೈಯಿಂದ ಸುತ್ತಿ ನೋಡಿ. ಯಾವ ರಾಡ್ ಬಿಗಿದಾಗ ತಿರುಗುವಿಕೆ ಗಡುಸಾಯಿತೋ ತಪ್ಪು ಅಲ್ಲಿಯೇ ಇದೆ. ನಾಲ್ಕನ್ನೂ ಬಿಗಿದ ಮೇಲೆ ಹುಡುಕಲು ಹೊರಟರೆ ಅದು ಸಿಗುವುದು ಕಷ್ಟ. ಕೊನೆಗೆ ಪಕ್ಕದ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ.

## ಹಂತ 10: ಮೊದಲ ಚಾಲನೆ ಮತ್ತು ಎಚ್ಚರಿಕೆಯ ಚಿಹ್ನೆಗಳು

ಸ್ಪಾರ್ಕ್ ಪ್ಲಗ್ ತೆಗೆದು, ಇಂಧನ ನಿಲ್ಲಿಸಿ, ಗೇಜಿನಲ್ಲಿ ಎಣ್ಣೆಯ ಒತ್ತಡ ಕಾಣುವ ತನಕ ಸ್ಟಾರ್ಟರಿನಿಂದ ಸುತ್ತಿಸಿ. ಆಮೇಲೆಯೇ ಸ್ಟಾರ್ಟ್ ಮಾಡಿ. ಮೊದಲ ಎಣ್ಣೆಯನ್ನು ಬೇಗ ಬದಲಿಸಿ, ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ಮಿನುಗುವ ತೆಳು ಚೂರುಗಳು ಕಂಡರೆ ಅಲ್ಲಿಗೇ ನಿಲ್ಲಿಸಿ.

ಬಿಗ್ ಎಂಡ್ ಬಡಿತ ಸಾಮಾನ್ಯವಾಗಿ ಎಂಜಿನ್ ಬಿಸಿಯಾದ ಮೇಲೆ, 2500ರಿಂದ 3000 ಆರ್‌ಪಿಎಂ ನಡುವೆ ಆ್ಯಕ್ಸಿಲರೇಟರ್ ಬಿಟ್ಟ ಕ್ಷಣದಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದೊಂದೇ ಇಂಜೆಕ್ಟರಿನ ಪ್ಲಗ್ ಕೀಳುತ್ತ ಹೋಗಿ. ಯಾವುದನ್ನು ಕಿತ್ತಾಗ ಸದ್ದು ತಗ್ಗುತ್ತದೆಯೋ ಆ ಸಿಲಿಂಡರಿನದೇ ತೊಂದರೆ. ಬಿಸಿ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಸದ್ದು ಇಲ್ಲದಿದ್ದರೂ ಸಂಪ್ ತೆಗೆಯಲೇಬೇಕು. ಬಡಿತ ಕೇಳಿದ ಎಂಜಿನ್ನನ್ನು ಗ್ಯಾರೇಜಿನ ತನಕ ಮೆಲ್ಲಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಆ ಕೆಲವು ಕಿಲೋಮೀಟರ್‌ಗಳಲ್ಲೇ ಕ್ರ್ಯಾಂಕ್ ಮತ್ತು ಬ್ಲಾಕ್ ಹೋಗುತ್ತವೆ.

## ಮುರಿದಿದ್ದರೆ: ತುಂಡುಗಳನ್ನು ಓದುವ ಕ್ರಮ

ಮುರಿದ ತುಂಡುಗಳನ್ನೆಲ್ಲ ಸಂಪಿನಿಂದ ಆರಿಸಿ, ಮುರಿದ ಮುಖಗಳನ್ನು ಒಂದಕ್ಕೊಂದು ಕೂಡಿಸಿ ನೋಡದೆ, ಹಾಗೆಯೇ ಇಡಿ. ಕೂಡಿಸಿದರೆ ಗುರುತುಗಳು ಅಳಿಸುತ್ತವೆ. ಮೊದಲು ಬೋಲ್ಟುಗಳನ್ನು ನೋಡಿ. ಮುರಿದ ಮುಖ ಒಂದು ಬದಿಯಲ್ಲಿ ನುಣುಪಾಗಿದ್ದು, ಅಲೆ ಬಿಟ್ಟುಹೋದ ಮರಳಿನ ಗೆರೆಗಳಂಥ ಬಾಗು ಸಾಲುಗಳು ಒಂದು ಬಿಂದುವಿನಿಂದ ಹರಡಿದ್ದರೆ ಅದು ದಣಿವಿನ ಮುರಿತ, ಆರಂಭವಾದದ್ದು ಆ ಬಿಂದುವಿನಲ್ಲಿ. ಹಿಡಿತ ಸಾಲದ ಬೋಲ್ಟಿನಲ್ಲಿ ಕಾಣುವುದು ಇದೇ. ಬೋಲ್ಟ್ ಮಧ್ಯದಲ್ಲಿ ಸಣ್ಣಗಾಗಿ ಎಳೆದಂತೆ ಮುರಿದಿದ್ದರೆ ಅದು ಒಂದೇ ಸಲದ ಅತಿಹೊರೆ. ಎರಡು ಬೋಲ್ಟುಗಳಲ್ಲಿ ಒಂದು ದಣಿವಿನಿಂದ, ಇನ್ನೊಂದು ಎಳೆದು ಅಥವಾ ಬಾಗಿ ಮುರಿದಿದ್ದರೆ ಮೊದಲು ಹೋದದ್ದು ದಣಿದದ್ದು.

ಬಿಗ್ ಎಂಡ್ ನೀಲಿಗಪ್ಪಾಗಿದ್ದರೆ ಎಣ್ಣೆ ಸಿಗದೆ ಬೇರಿಂಗ್ ಮೊದಲು ಸತ್ತಿದೆ. ಆಗ ರಾಡನ್ನಾಗಲೀ ಬೋಲ್ಟನ್ನಾಗಲೀ ದೂರದೆ ಎಣ್ಣೆಯ ಪಂಪ್, ಪಿಕಪ್ ಕೊಳವೆ ಮತ್ತು ತಿರುವುಗಳಲ್ಲಿ ಎಣ್ಣೆ ಒಂದು ಬದಿಗೆ ಸರಿಯದಂತೆ ತಡೆಯುವ ಸಂಪಿನ ಬ್ಯಾಫಲ್ ನೋಡಬೇಕು. ದಂಡ ಬಾಗಿ ಮುರಿದಿದ್ದು ಬೇರಿಂಗ್ ಚೆನ್ನಾಗಿಯೇ ಇದ್ದರೆ ನೀರು, ತೀವ್ರ ನಾಕಿಂಗ್ ಅಥವಾ ಕಡಿಮೆ ಆರ್‌ಪಿಎಂನಲ್ಲಿ ಅತಿಯಾದ ಬೂಸ್ಟ್ ಕಾರಣವಾಗಿರಬಹುದು. ಸ್ಮಾಲ್ ಎಂಡಿನ ಕೆಳಗೆ ಅಡ್ಡಲಾಗಿ ಕಿತ್ತುಬಂದಿದ್ದರೆ ಅತಿವೇಗ, ಇಲ್ಲವೇ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಂಡದ್ದು. ಒಂದು ರಾಡ್ ಮುರಿದ ಎಂಜಿನ್ನಿನ ಉಳಿದ ಮೂರು ರಾಡುಗಳೂ ಅದೇ ಅತಿವೇಗವನ್ನು, ಅದೇ ಎಣ್ಣೆಯ ಕೊರತೆಯನ್ನು ಕಂಡಿರುವುದರಿಂದ ಅವುಗಳ ಬೋಲ್ಟುಗಳನ್ನು ಹಾಗೆಯೇ ಮತ್ತೆ ಬಳಸಬಾರದು. ರಾಡುಗಳು ಹಂತ 4ರ ಪರೀಕ್ಷೆ ದಾಟಿದರೆ ಮಾತ್ರ ಎಂಜಿನ್ನಿಗೆ ಮರಳಬೇಕು.